ಮನೆಗೆಂದು ಕೂಡಿಟ್ಟ ಹಣದಲ್ಲಿ ದೇಶ ಸುತ್ತಬಹುದೇ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರೇ ‘ದೇಶ ಸುತ್ತು, ಕೋಶ ಓದು’ ಎಂದೂ ಹೇಳಿಟ್ಟಿದ್ದಾರೆ. ಎರಡನ್ನೂ ಒಂದೇ ಗಂಟಿನಿಂದ ಮಾಡಬೇಕಾಗಿ ಬಂದರೆ ಯಾವುದು ಮೊದಲು ಎಂಬುದನ್ನು ಮಾತ್ರ ಹೇಳಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ನಗರಗಳ ಅನೇಕ ದಂಪತಿಗಳನ್ನು ಇಂದು ಕಾಡುತ್ತಿರುವುದು ಈ ಪ್ರಶ್ನೆಯೇ. ಹತ್ತು ವರ್ಷ ದುಡಿದು ಮನೆಗೆಂದು ಇಪ್ಪತ್ತು ಲಕ್ಷ ರೂಪಾಯಿ ಕೂಡಿಟ್ಟಾಗಿದೆ. ಸಾಲ ಪಡೆದು ಫ್ಲ್ಯಾಟ್ ಕೊಂಡರೆ ಮುಂದಿನ ಇಪ್ಪತ್ತು ವರ್ಷ ಕದಲುವಂತಿಲ್ಲ. ಕೆಲಸ ಬಿಟ್ಟು ಒಂದೆರಡು ವರ್ಷ ಊರೂರು ತಿರುಗಿ ಬಂದರೆ ಮನೆ ಕೈತಪ್ಪಬಹುದು.

ಇದನ್ನು ಕೇವಲ ಧೈರ್ಯದ ಪ್ರಶ್ನೆಯೆಂದು ಬಿಂಬಿಸುವವರಿದ್ದಾರೆ. ಕೇವಲ ಬೇಜವಾಬ್ದಾರಿಯೆಂದು ಜರೆಯುವವರೂ ಇದ್ದಾರೆ. ಕಾಗದ ಪೆನ್ನು ಹಿಡಿದು ಕುಳಿತರೆ ಇಬ್ಬರ ಮಾತೂ ಪೂರ್ತಿ ನಿಲ್ಲುವುದಿಲ್ಲ. ಪ್ರವಾಸಕ್ಕೆ ಎಷ್ಟು ಹಣ ಬೇಕು ಎಂಬುದಕ್ಕಿಂತ, ಅದು ಎಷ್ಟು ವರ್ಷಗಳನ್ನು ನುಂಗುತ್ತದೆ ಎಂಬುದೇ ಇಲ್ಲಿ ಮುಖ್ಯವಾಗುತ್ತದೆ.

ಇಪ್ಪತ್ತು ಲಕ್ಷಕ್ಕೆ ಬರುವುದೇನು?

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಗೃಹಸಾಲವನ್ನು ಆಸ್ತಿಯ ಮೌಲ್ಯದ ಶೇ 90ರವರೆಗೆ, 30ರಿಂದ 75 ಲಕ್ಷದವರೆಗಿನ ಸಾಲವನ್ನು ಶೇ 80ರವರೆಗೆ, ಅದಕ್ಕೂ ಮೇಲ್ಪಟ್ಟ ಸಾಲವನ್ನು ಶೇ 75ರವರೆಗೆ ಮಾತ್ರ ನೀಡಬಹುದು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳನ್ನು ಸಾಮಾನ್ಯವಾಗಿ ಈ ಮೌಲ್ಯದಲ್ಲಿ ಸೇರಿಸುವುದಿಲ್ಲ. ಕರ್ನಾಟಕದಲ್ಲಿ 45 ಲಕ್ಷಕ್ಕಿಂತ ಹೆಚ್ಚು ಬೆಲೆಯ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಉಂಟು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿತು. ಎಲ್ಲ ಸೇರಿ ನಗರ ಪ್ರದೇಶದಲ್ಲಿ ಸುಮಾರು ಶೇ 7.6 ಆಗುತ್ತದೆ.

75 ಲಕ್ಷ ರೂಪಾಯಿಯ ಫ್ಲ್ಯಾಟ್ ಒಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬ್ಯಾಂಕು 60 ಲಕ್ಷ ಕೊಟ್ಟರೆ ಕೈಯಿಂದ ಹಾಕಬೇಕಾದದ್ದು 15 ಲಕ್ಷ, ನೋಂದಣಿಯ ಖರ್ಚು 5.7 ಲಕ್ಷ. ಅಂದರೆ ಹತ್ತು ವರ್ಷದ ಉಳಿತಾಯವಾದ ಇಪ್ಪತ್ತು ಲಕ್ಷ ಮನೆಯ ಹೊಸ್ತಿಲು ದಾಟಿಸಲು ಅಷ್ಟಕ್ಕಷ್ಟೇ. ಆಮೇಲೆ ಶೇ 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷದ ಸಾಲವೆಂದರೆ ತಿಂಗಳ ಕಂತು ಸುಮಾರು 52,000 ರೂಪಾಯಿ. ಅಸಲು 60 ಲಕ್ಷ, ಬಡ್ಡಿ ಸುಮಾರು 65 ಲಕ್ಷ.

ಈ ಲೆಕ್ಕ ನೋಡಿದ ಕೂಡಲೇ ಕೆಲವರಿಗೆ ಪ್ರವಾಸವೇ ಲೇಸೆನಿಸುವುದು ಸಹಜ. ಅವರ ಪರವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಫ್ಲ್ಯಾಟಿನ ವರ್ಷದ ಬಾಡಿಗೆ ಅದರ ಬೆಲೆಯ ಶೇ 3.5ರಷ್ಟು ಎಂದಿಟ್ಟುಕೊಂಡರೆ, ಇದೇ ಮನೆಯಲ್ಲಿ ಬಾಡಿಗೆಗಿರಲು ತಿಂಗಳಿಗೆ 22,000 ರೂಪಾಯಿ ಸಾಕು. ಸ್ವಂತ ಮನೆಯನ್ನು ಸದಾ ಲಾಭದ ವ್ಯವಹಾರವೆಂದು ಹೇಳಿಕೊಂಡು ಬಂದವರು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದು ಕಡಿಮೆ.

ಎರಡು ವರ್ಷದ ತಿರುಗಾಟದ ನಿಜವಾದ ಬೆಲೆ

ಇಪ್ಪತ್ತು ಲಕ್ಷವನ್ನು ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ 83,000, ದಿನಕ್ಕೆ ಸುಮಾರು 2,700 ರೂಪಾಯಿ ಸಿಗುತ್ತದೆ. ಭಾರತ, ನೇಪಾಳ ಅಥವಾ ಆಗ್ನೇಯ ಏಷ್ಯಾದ ದೇಶಗಳಲ್ಲಿ ಇಬ್ಬರು ಹಿತಮಿತವಾಗಿ ತಿರುಗಲು ಇಷ್ಟು ಸಾಕು. ಪಶ್ಚಿಮ ಯೂರೋಪಿನಲ್ಲಿ ವಸತಿಗೇ ಸಾಲದು.

ಆದರೆ ಖರ್ಚಾಗುವುದು ಈ ಇಪ್ಪತ್ತು ಲಕ್ಷವಷ್ಟೇ ಅಲ್ಲ. ಸಂಬಳ ನಿಂತಾಗ ತಿಂಗಳ ಉಳಿತಾಯವೂ ನಿಲ್ಲುತ್ತದೆ. ದಂಪತಿ ತಿಂಗಳಿಗೆ 40,000 ರೂಪಾಯಿ ಉಳಿಸುತ್ತಿದ್ದರೆಂದಾದರೆ ಎರಡು ವರ್ಷಕ್ಕೆ 9.6 ಲಕ್ಷ ಹೋಯಿತು. ಭವಿಷ್ಯನಿಧಿಗೆ ಉದ್ಯೋಗದಾತರು ಹಾಕುತ್ತಿದ್ದ ಪಾಲು ಬೇರೆ. ಐದು ವರ್ಷ ಸತತ ಸೇವೆ ಪೂರೈಸುವ ಮೊದಲೇ ಆ ನಿಧಿಯ ಹಣವನ್ನು ತೆಗೆದರೆ ತೆರಿಗೆ ತೆರಬೇಕಾಗುತ್ತದೆ ಎಂಬುದು ಅನೇಕರಿಗೆ ತಿಳಿಯುವುದು ಹಣ ತೆಗೆದ ನಂತರ.

ಇನ್ನು ಕಾಲದ ಲೆಕ್ಕ. ಮೂವತ್ತೈದರ ವಯಸ್ಸಿನಲ್ಲಿ ಹೊರಟವರು ಮೂವತ್ತೇಳಕ್ಕೆ ಬರಿಗೈಯಲ್ಲಿ ಹಿಂತಿರುಗಿ, ಮತ್ತೆ ತಿಂಗಳಿಗೆ 40,000ದಂತೆ ಐದು ವರ್ಷ ಶೇ 6.5ರ ಬಡ್ಡಿಗೆ ಕೂಡಿಟ್ಟರೆ 28 ಲಕ್ಷ ರೂಪಾಯಿ ಆಗುತ್ತದೆ. ಮನೆಯ ಬೆಲೆ ವರ್ಷಕ್ಕೆ ಶೇ 5ರಂತೆ ಏರಿದರೂ ಆ ಹೊತ್ತಿಗೆ 75 ಲಕ್ಷದ ಫ್ಲ್ಯಾಟ್ 105 ಲಕ್ಷ ದಾಟಿರುತ್ತದೆ. ಸಾಲ 75 ಲಕ್ಷ ಮೀರುವುದರಿಂದ ಬ್ಯಾಂಕು ಕೊಡುವುದು ಶೇ 75 ಮಾತ್ರ. ಕೈಯಿಂದ ಹಾಕಬೇಕಾದದ್ದು ನೋಂದಣಿಯ ಖರ್ಚೂ ಸೇರಿ 34 ಲಕ್ಷ! ಏಳು ವರ್ಷಗಳ ನಂತರವೂ ಆರು ಲಕ್ಷ ಕಡಿಮೆ. ಅದನ್ನು ಹೇಗೋ ಹೊಂದಿಸಿದರೂ ನಲವತ್ತೆರಡರ ವಯಸ್ಸಿನವರಿಗೆ ಅರವತ್ತರವರೆಗೆ ಉಳಿಯುವುದು ಹದಿನೆಂಟು ವರ್ಷ. ಕಂತು 52,000ದ ಬದಲು 71,000 ಮೀರುತ್ತದೆ.

ಸಂಬಳವೂ ಏರುತ್ತದಲ್ಲ ಎಂಬ ವಾದವಿದೆ. ಅದು ಕೆಲಸದಲ್ಲೇ ಮುಂದುವರಿದವರಿಗೆ ಹೆಚ್ಚು ಅನ್ವಯಿಸುವ ಮಾತು. ಬಿಟ್ಟು ಬಂದವರು ಮೊದಲು ಹಳೆಯ ಸಂಬಳವನ್ನೇ ಮತ್ತೆ ಸಂಪಾದಿಸಬೇಕಾಗಬಹುದು. ಗೃಹಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ಹಿಂದಿನ ವರ್ಷಗಳ ಆದಾಯ ತೆರಿಗೆ ವಿವರ ಕೇಳುವುದುಂಟು. ಪ್ರವಾಸದ ವರ್ಷಗಳ ಸಾಲಿನಲ್ಲಿ ತೋರಿಸಲು ಏನೂ ಇರುವುದಿಲ್ಲ.

ಇದೇ ದಂಪತಿ ಆರು ತಿಂಗಳು ಮಾತ್ರ ಹೊರಟು ಐದು ಲಕ್ಷ ಖರ್ಚು ಮಾಡಿದರೆ ಚಿತ್ರವೇ ಬದಲಾಗುತ್ತದೆ. ಉಳಿದ 15 ಲಕ್ಷ ಬ್ಯಾಂಕಿನಲ್ಲಿ ಬೆಳೆಯುತ್ತಿರುತ್ತದೆ. ಮರಳಿದ ಮೇಲೆ ಒಂದೂವರೆ ವರ್ಷ ಉಳಿಸಿದರೆ, ಅಂದರೆ ಹೊರಟ ದಿನದಿಂದ ಎರಡು ವರ್ಷದೊಳಗೆ, ಏರಿದ ಬೆಲೆಗೂ ಸಾಕಾಗುವಷ್ಟು ಮುಂಗಡ ಕೈಯಲ್ಲಿರುತ್ತದೆ. ಪ್ರವಾಸದ ಅವಧಿ ನಾಲ್ಕು ಪಟ್ಟಾದರೆ ಮನೆ ದೂರವಾಗುವುದು ನಾಲ್ಕು ಪಟ್ಟಲ್ಲ. ಅದು ಕೆಲವೊಮ್ಮೆ ಸಾಲದ ಅವಧಿಯ ಆಚೆಗೇ ಸರಿದುಬಿಡುತ್ತದೆ.

ಹೊರಟವರ ಎರಡು ದಾರಿ

ಮೈಸೂರಿನ ದಕ್ಷಿಣಾಮೂರ್ತಿ ಕೃಷ್ಣಕುಮಾರ್ ಅವರ ಹೆಸರು ಇಂಥ ಚರ್ಚೆಗಳಲ್ಲಿ ಬಂದೇ ಬರುತ್ತದೆ. ತಂದೆ ತೀರಿಕೊಂಡ ಬಳಿಕ, ಅಡುಗೆಮನೆಯಲ್ಲೇ ಆಯುಷ್ಯ ಕಳೆದ ತಾಯಿ ಚೂಡಾರತ್ನ ಅವರು ಹತ್ತಿರದ ಪ್ರಸಿದ್ಧ ಸ್ಥಳಗಳನ್ನೂ ಕಂಡಿಲ್ಲವೆಂದು ಅರಿತ ಅವರು, ಬೆಂಗಳೂರಿನ ಖಾಸಗಿ ಉದ್ಯೋಗ ತೊರೆದರು. 2018ರ ಜನವರಿಯಲ್ಲಿ ತಂದೆ ಕೊಡಿಸಿದ್ದ ಬಜಾಜ್ ಚೇತಕ್ ಸ್ಕೂಟರಿನಲ್ಲಿ ತಾಯಿಯನ್ನು ಕೂರಿಸಿಕೊಂಡು ‘ಮಾತೃ ಸೇವಾ ಸಂಕಲ್ಪ ಯಾತ್ರೆ’ ಆರಂಭಿಸಿದರು. ದೇಶದ ಉದ್ದಗಲವಲ್ಲದೆ ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳನ್ನೂ ಸುತ್ತಿದರು. ಖರ್ಚಿಗೆ ಇದ್ದದ್ದು ದುಡಿದು ಉಳಿಸಿದ ಹಣ.

ಈ ಯಾತ್ರೆಯ ವಿಡಿಯೊ ಕಂಡು ಕಣ್ಣೊರೆಸಿಕೊಂಡವರು ಗಮನಿಸದ ಸಂಗತಿಯೊಂದಿದೆ. ಅವರು ಅವಿವಾಹಿತರು. ಸಾಲವನ್ನಾಗಲಿ, ಶಾಲೆಯ ಶುಲ್ಕವನ್ನಾಗಲಿ ಹಿಂದೆ ಬಿಟ್ಟು ಹೊರಟವರಲ್ಲ. ಎಪ್ಪತ್ತರ ಆಸುಪಾಸಿನ ತಾಯಿಯನ್ನು ಸ್ಕೂಟರಿನಲ್ಲಿ ಕರೆದೊಯ್ಯಲು ಇನ್ನು ಹತ್ತು ವರ್ಷ ಕಾಯಬಹುದಾಗಿತ್ತು ಎಂದೂ ಯಾರೂ ಹೇಳಲಾರರು. ಮನೆಯ ಬೆಲೆ ಏರಿದರೆ ಚಿಕ್ಕ ಮನೆ ನೋಡಬಹುದು, ಊರ ಹೊರಗೆ ಹೋಗಬಹುದು. ತಾಯಿಯ ಮೊಣಕಾಲಿಗೆ ಅಂಥ ಬದಲಿ ಇಲ್ಲ.

ಕೊಚ್ಚಿಯ ಕೆ.ಆರ್. ವಿಜಯನ್ ಮತ್ತು ಮೋಹನಾ ದಂಪತಿಯದು ತದ್ವಿರುದ್ಧ ಮಾದರಿ. ಚಹಾದಂಗಡಿ ನಡೆಸುತ್ತಲೇ ದಿನಕ್ಕೆ 300 ರೂಪಾಯಿ ತೆಗೆದಿಡುತ್ತಿದ್ದರು. ಸಾಲದ್ದಕ್ಕೆ ಸಾಲ ಮಾಡಿ ಹೋಗಿ ಬಂದು, ಅದನ್ನು ತೀರಿಸಿದ ಮೇಲೆ ಮುಂದಿನ ದೇಶದ ಯೋಚನೆ. 2007ರಿಂದ ಆರಂಭಿಸಿ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳನ್ನು ಕಂಡರು. ರಷ್ಯಾದಿಂದ ಮರಳಿದ ಕೆಲವೇ ವಾರಗಳಲ್ಲಿ, 2021ರ ನವೆಂಬರ್‌ನಲ್ಲಿ ವಿಜಯನ್ ನಿಧನರಾದರು. ಅವರು ಎಂದೂ ವರ್ಷಗಟ್ಟಲೆ ಅಂಗಡಿಯ ಬಾಗಿಲು ಹಾಕಿ ಹೋದವರಲ್ಲ. ದುಡಿಮೆಯ ಮೂಲವನ್ನು ಮುಟ್ಟದೆ ಅದರ ಫಲವನ್ನಷ್ಟೇ ತಿರುಗಾಟಕ್ಕೆ ಹಾಕಿದವರು.

ಇಪ್ಪತ್ತು ಲಕ್ಷದ ಠೇವಣಿಗೂ ಈ ಮಾದರಿ ಒಪ್ಪುತ್ತದೆ. ಶೇ 6.5ರಂತೆ ವರ್ಷಕ್ಕೆ 1.3 ಲಕ್ಷ ಬಡ್ಡಿ ಬರುತ್ತದೆ. ತೆರಿಗೆ ಕಳೆದರೂ ವರ್ಷಕ್ಕೊಂದು ದೀರ್ಘ ಪ್ರವಾಸಕ್ಕೆ ಅಡ್ಡಿಯಿಲ್ಲ. ಆದರೆ ಮೂರು ವಾರದ ರಜೆಯಲ್ಲಿ ಹೋಗಿ ಬರುವುದಕ್ಕೂ, ಮರಳುವ ದಿನ ನಿಗದಿಯಿಲ್ಲದೆ ಹೊರಡುವುದಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ಬಯಸಿದವರಿಗೆ ಮೊದಲನೆಯದು ಸಮಾಧಾನ ಕೊಡಲಿಕ್ಕಿಲ್ಲ.

ರಾಜೀನಾಮೆಗೆ ಮುನ್ನ

ಹೊರಡುವುದೆಂದೇ ನಿಶ್ಚಯಿಸಿದವರು ಸಾಧ್ಯವಾದರೆ ರಾಜೀನಾಮೆಗಿಂತ ಸಂಬಳರಹಿತ ರಜೆ ಕೇಳುವುದು ಒಳಿತು. ಕಾರಣ ಮರಳಿದಾಗ ಕೆಲಸವಿರುತ್ತದೆ ಎಂಬುದೊಂದೇ ಅಲ್ಲ. ಷೆಂಗೆನ್ ದೇಶಗಳ ವೀಸಾಕ್ಕೆ ಅರ್ಜಿ ಹಾಕುವಾಗ ಬ್ಯಾಂಕ್ ವಿವರದ ಜೊತೆಗೆ ಉದ್ಯೋಗದ ದಾಖಲೆ, ಕಚೇರಿಯ ರಜೆಪತ್ರಗಳನ್ನೂ ಕೇಳುತ್ತಾರೆ. ಕೆಲಸ ಬಿಟ್ಟು ಅರ್ಜಿ ಹಾಕಿದವರು ತಾಯ್ನಾಡಿಗೆ ಮರಳುತ್ತೇವೆಂದು ನಂಬಿಸುವುದು ಕಷ್ಟ. ಅಷ್ಟಾಗಿಯೂ ಆ ವೀಸಾದಲ್ಲಿ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ.

ಕೆಲಸ ಬಿಟ್ಟೊಡನೆ ಕಂಪನಿಯ ಗುಂಪು ಆರೋಗ್ಯ ವಿಮೆಯೂ ಕೊನೆಗೊಳ್ಳುತ್ತದೆ. ಹೊಸದಾಗಿ ಕೊಂಡ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗಳಿಗೆ ಗರಿಷ್ಠ ಮೂರು ವರ್ಷ ಕಾಯಿಸಲು ವಿಮಾ ಕಂಪನಿಗಳಿಗೆ ಅವಕಾಶವಿದೆ. 2024ಕ್ಕೆ ಮುನ್ನ ಇದು ನಾಲ್ಕು ವರ್ಷವಿತ್ತು. ಆದ್ದರಿಂದ ಸ್ವಂತ ಪಾಲಿಸಿಯನ್ನು ಹೊರಡುವ ವಾರದಲ್ಲಲ್ಲ, ಯೋಚನೆ ಮೊಳೆತ ವರ್ಷವೇ ಮಾಡಿಸಿಕೊಳ್ಳಬೇಕು. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ ಏಜೆಂಟರು ಮೂಲದಲ್ಲೇ ತೆರಿಗೆ ಸಂಗ್ರಹಿಸುತ್ತಾರೆ. ಇದರ ದರ ಬಜೆಟ್‌ಗಳಲ್ಲಿ ಬದಲಾಗುತ್ತ ಬಂದಿದೆ. ರಿಟರ್ನ್ ಸಲ್ಲಿಸಿದರೆ ಈ ಹಣ ಸಿಗುತ್ತದೆಯಾದರೂ, ಆದಾಯವಿಲ್ಲದ ವರ್ಷದಲ್ಲಿ ಅದು ಬರುವವರೆಗೆ ಕೈ ಕಟ್ಟಿದಂತೆಯೇ.

ಗಂಟು ಯಾರದು ಎಂಬುದೂ ಮೊದಲೇ ಇತ್ಯರ್ಥವಾಗಬೇಕು. ಮನೆಗೆಂದು ಕೂಡಿಟ್ಟ ಹಣದಲ್ಲಿ ಎಷ್ಟೋ ವೇಳೆ ಅಪ್ಪನ ನಿವೃತ್ತಿಯ ಹಣದ ಪಾಲೋ, ಹೆಂಡತಿಯ ತವರಿನವರು ಕೊಟ್ಟದ್ದೋ ಸೇರಿರುತ್ತದೆ. ಅವರು ಕೊಟ್ಟದ್ದು ಸೂರಿಗೆ. ಅವರನ್ನು ಕೇಳದೆ ಟಿಕೆಟ್ ಕಾಯ್ದಿರಿಸಿದರೆ ಮರಳಿ ಬಂದ ಮೇಲೆ ಎದುರಿಸಬೇಕಾದದ್ದು ಮನೆಯ ಬೆಲೆಯೊಂದನ್ನೇ ಅಲ್ಲ. ‘ಬಾಡಿಗೆ ಮನೆಯಲ್ಲಿದ್ದುಕೊಂಡು ಲಂಡನ್ ನೋಡಿ ಬಂದರಂತೆ’ ಎನ್ನುವ ದೂರದ ನೆಂಟರ ಮಾತಿಗೆ ಮಾತ್ರ ಕಿವಿಗೊಡಬೇಕಿಲ್ಲ.

ಕೊನೆಯದಾಗಿ ಬಾಡಿಗೆ ಮನೆ. ಹತ್ತು ತಿಂಗಳ ಅಡ್ವಾನ್ಸ್ ಕೊಡುವ ರೂಢಿಯಿರುವ ಬೆಂಗಳೂರಿನಲ್ಲಿ, ಮನೆ ಖಾಲಿ ಮಾಡಿದರೆ ಪೇಂಟಿಂಗ್ ಖರ್ಚು ಮುರಿದುಕೊಂಡು ಉಳಿದದ್ದು ಹಿಂದಕ್ಕೆ ಬರುತ್ತದೆ. 22,000 ಬಾಡಿಗೆಯವರಿಗೆ ಅದು ಎರಡು ಲಕ್ಷ ರೂಪಾಯಿ. ಅದನ್ನು ಪ್ರವಾಸದ ಖರ್ಚಿಗೆ ಸೇರಿಸದೆ ಪ್ರತ್ಯೇಕವಾಗಿಡಬೇಕು. ಮರಳಿದ ದಿನವೇ ಇನ್ನೊಬ್ಬ ಮಾಲೀಕರು ಮತ್ತೆ ಹತ್ತು ತಿಂಗಳದ್ದನ್ನು ಕೇಳುತ್ತಾರೆ, ಅದೂ ಅಂದಿನ ಬಾಡಿಗೆಯ ದರದಲ್ಲಿ.