ವೀರಪ್ರಣಯ ಕಥೆ ಮತ್ತು ವಿಜ್ಞಾನಕಥೆಯ ಓದುಗ: ಮದರಾಸಿನ ‘ಚಂದಮಾಮ’ವನ್ನು ಕುರಿತು

ಅತಿಮಾನವ ಶಕ್ತಿಯುಳ್ಳ ನಾಯಕನ ಸಾಹಸವನ್ನೂ ಅವನ ಪ್ರಣಯವನ್ನೂ ಒಂದೇ ಎಳೆಯಲ್ಲಿ ಹೆಣೆಯುವ ಕಥೆಯನ್ನು ನಾವು ಇಲ್ಲಿ ‘ವೀರಪ್ರಣಯ ಕಥೆ’ ಎಂದು ಕರೆದಿದ್ದೇವೆ. ಇಂಥ ಕಥೆಗೂ ವಿಜ್ಞಾನಕಥೆಗೂ ಸಂಬಂಧವಿಲ್ಲವೆಂಬುದು ಸಾಮಾನ್ಯ ಗ್ರಹಿಕೆ. ಒಂದು ಮಂತ್ರವನ್ನು ನಂಬುತ್ತದೆ, ಇನ್ನೊಂದು ಯಂತ್ರವನ್ನು. ಒಂದು ಮೈಮರೆಸುತ್ತದೆ, ಇನ್ನೊಂದು ಪ್ರಶ್ನಿಸುತ್ತದೆ ಎಂಬ ವಿಭಜನೆ ಬಹುಕಾಲದಿಂದ ನಡೆದುಬಂದಿದೆ. ಆದರೂ ವಿಜ್ಞಾನಕಥೆಯನ್ನು ಮೆಚ್ಚುವವರು ವೀರಪ್ರಣಯ ಕಥೆಯನ್ನು ಅಷ್ಟೇ ಆಸಕ್ತಿಯಿಂದ ಓದುವುದುಂಟು. ನಾವೂ ಆ ವರ್ಗಕ್ಕೆ ಸೇರಿದವರೇ. ಈ ಮೆಚ್ಚುಗೆಗೆ ಆಧಾರವೇನೆಂಬುದನ್ನು ಮದರಾಸಿನಿಂದ ಹೊರಬರುತ್ತಿದ್ದ ಕನ್ನಡ ‘ಚಂದಮಾಮ’ದ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು 1947ರ ಜುಲೈನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆ ಅನಂತರ ಕನ್ನಡಕ್ಕೂ ಬಂದಿತು. ಮೈಸೂರಿನ ಎಂ.ಟಿ.ವಿ. ಆಚಾರ್ಯರು ಅದರ ಆರಂಭಕಾಲದ ಪ್ರಮುಖ ಚಿತ್ರಕಾರರಲ್ಲಿ ಒಬ್ಬರು. ತೋಟಗಾರನ ಮಗನೊಬ್ಬ ಮಾಂತ್ರಿಕನನ್ನು ಗೆದ್ದು ರಾಜಕುಮಾರಿಯನ್ನು ಪಡೆಯುವ ‘ಪಾತಾಳ ಭೈರವಿ’ (1951) ಚಿತ್ರವನ್ನು ನಿರ್ಮಿಸಿದವರೂ ಇದೇ ನಾಗಿರೆಡ್ಡಿ-ಚಕ್ರಪಾಣಿ ಜೋಡಿ ಎಂಬುದನ್ನು ಗಮನಿಸಬೇಕು. ಪತ್ರಿಕೆ ಮತ್ತು ಚಲನಚಿತ್ರ ಒಂದೇ ಕಥಾಭಿರುಚಿಯ ಎರಡು ಕವಲುಗಳಾಗಿದ್ದುವು.

1952ರಿಂದ 1980ರಲ್ಲಿ ತಾವು ತೀರಿಕೊಳ್ಳುವವರೆಗೆ ಪತ್ರಿಕೆಯ ಸಂಪಾದನೆಯ ಹೊಣೆ ಹೊತ್ತಿದ್ದವರು ತೆಲುಗು ಲೇಖಕ ಕೊಡವಟಿಗಂಟಿ ಕುಟುಂಬರಾವ್. ಇವರು ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ ಕೈಗೊಂಡು ಪೂರೈಸಲಾಗದೆ ಬಿಟ್ಟವರು, ವಿಚಾರವಾದಿ. ಇವರ ಸಹೋದ್ಯೋಗಿ ದಾಸರಿ ಸುಬ್ರಹ್ಮಣ್ಯಂ ಅವರ ಧಾರಾವಾಹಿಗಳ ಸಾಲು 1954ರಲ್ಲಿ ‘ತೋಕಚುಕ್ಕ’ದಿಂದ, ಎಂದರೆ ‘ಧೂಮಕೇತು’ವಿನಿಂದ, ಆರಂಭವಾಯಿತು. ಹೆಸರು ಖಗೋಳದ್ದು, ಕಥೆ ಮಾಂತ್ರಿಕ ಸಾಹಸದ್ದು. ಭೌತಶಾಸ್ತ್ರ ಓದಿದ ವಿಚಾರವಾದಿಯೊಬ್ಬರು ಮಂತ್ರವಾದಿಗಳ ಕಥೆಗಳನ್ನು ಮೂರು ದಶಕಗಳ ಕಾಲ ತಿದ್ದುತ್ತ ಕುಳಿತದ್ದು ಮೇಲ್ನೋಟಕ್ಕೆ ವಿಪರ್ಯಾಸ. ಅದು ವಿಪರ್ಯಾಸವಲ್ಲವೆಂಬುದಕ್ಕೆ ಪತ್ರಿಕೆಯ ಬೇತಾಳ ಕಥೆಗಳೇ ಸಾಕ್ಷಿ.

ಪರಂಪರೆಯ ಬೇತಾಳ ಕಥೆಗಳು ಇಪ್ಪತ್ತೈದು. ಅವು ಮುಗಿದ ಮೇಲೂ ಪತ್ರಿಕೆ ಆ ಚೌಕಟ್ಟನ್ನು ಉಳಿಸಿಕೊಂಡು, ಕೊನೆಯಲ್ಲಿ ಒಂದು ಸಮಸ್ಯೆಯನ್ನೊಡ್ಡುವ ಹೊಸ ಕಥೆಗಳನ್ನು ಅದರೊಳಗೆ ಕೂಡಿಸುತ್ತ ಬಂದಿತು. ಹೆಗಲ ಮೇಲೆ ಶವ ಹೊತ್ತು ಕತ್ತಿ ಹಿಡಿದು ನಡೆಯುವ ರಾಜನನ್ನು ಚಿತ್ರಕಾರ ಶಂಕರ್ ಮನೆಮಾತಾಗಿಸಿದರು. ಆ ರಾಜನ ಶೌರ್ಯಕ್ಕೆ ಎರಡು ನಿಬಂಧನೆಗಳಿವೆ: ಉತ್ತರ ತಿಳಿದೂ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ, ಮಾತಾಡಿದರೆ ಬೇತಾಳ ಮರಳಿ ಮರವೇರುತ್ತದೆ. ಶಕ್ತಿಗೆ ನಿಯಮವುಂಟು, ನಿಯಮಕ್ಕೆ ಬೆಲೆಯುಂಟು. ವಿಜ್ಞಾನಕಥೆಯ ಓದುಗ ನಿರೀಕ್ಷಿಸುವುದೂ ಇದನ್ನೇ.

‘ಕಥಾಸರಿತ್ಸಾಗರ’ದಲ್ಲಿ ಬರುವ ಸೋಮಪ್ರಭೆಯ ಕಥೆ ಈ ಸಂದರ್ಭದಲ್ಲಿ ವಿಶೇಷ ಮಹತ್ವದ್ದು. ಶೂರ, ಜ್ಞಾನಿ, ವಿಜ್ಞಾನಿ ಈ ಮೂವರಲ್ಲಿ ಒಬ್ಬನನ್ನಲ್ಲದೆ ಬೇರೆಯವರನ್ನು ವರಿಸೆನೆಂಬುದು ಅವಳ ಪಣ. ತಂದೆ, ತಾಯಿ, ಅಣ್ಣ ಒಬ್ಬರಿಗೊಬ್ಬರು ತಿಳಿಯದಂತೆ ಮೂವರಿಗೂ ಮಾತು ಕೊಡುತ್ತಾರೆ. ಅಷ್ಟರಲ್ಲಿ ರಾಕ್ಷಸನೊಬ್ಬ ಅವಳನ್ನು ವಿಂಧ್ಯಾಟವಿಗೆ ಒಯ್ಯುತ್ತಾನೆ. ಜ್ಞಾನಿ ಅವಳಿರುವ ಸ್ಥಳವನ್ನು ಹೇಳುತ್ತಾನೆ. ವಿಜ್ಞಾನಿ ಆಯುಧಸಜ್ಜಿತವಾದ ಆಕಾಶರಥವನ್ನು ಸಿದ್ಧಪಡಿಸುತ್ತಾನೆ. ಶೂರ ರಾಕ್ಷಸನನ್ನು ಕೊಲ್ಲುತ್ತಾನೆ. ಕನ್ಯೆ ಯಾರಿಗೆ ಸಲ್ಲಬೇಕು? ಶೂರನಿಗೆ, ಉಳಿದಿಬ್ಬರು ಕೇವಲ ಉಪಕರಣಗಳು ಎಂಬುದು ರಾಜನ ತೀರ್ಪು. ಇಲ್ಲಿಯ ‘ವಿಜ್ಞಾನ’ ಆಧುನಿಕ ಅರ್ಥದ್ದಲ್ಲ, ವಿಶೇಷ ಕೌಶಲವೆಂದಷ್ಟೇ ಅದರ ಅರ್ಥ. ಆದರೂ ರಥವಿಲ್ಲದೆ ಶೂರ ಅಲ್ಲಿಗೆ ತಲಪುತ್ತಿದ್ದನೆ ಎಂದು ವಿಜ್ಞಾನಕಥೆಯ ಓದುಗ ಕೇಳದಿರಲಾರ. ತೀರ್ಪಿನೊಡನೆ ಜಗಳವಾಡುವ ಅವಕಾಶವೇ ಅವನ ರಸಾನುಭವ. 1938ರಲ್ಲಿ ಅಮೆರಿಕದ ಚಿತ್ರಕಥೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡಾಗ ಮೊದಲ ಸಂಚಿಕೆಯಲ್ಲಿಯೇ ಲೋಯಿಸ್ ಲೇನ್ ಕೂಡ ಇದ್ದಳು. ಹೆಣ್ಣು ಒಲಿಯಬೇಕಾದದ್ದು ಶಕ್ತಿಗೋ ವ್ಯಕ್ತಿಗೋ ಎಂಬ ಪ್ರಶ್ನೆ ಅಲ್ಲಿಯೂ ಹುಟ್ಟಿತು.

ಕನ್ನಡಕ್ಕೆ ಈ ಮನೋಧರ್ಮ ಹೊಸದಲ್ಲ. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ ರಾವಣ ವಿದ್ಯಾಧರ ಚಕ್ರವರ್ತಿ. ಜೈನ ರಾಮಾಯಣ ಪರಂಪರೆ ಅವನ ಹತ್ತು ತಲೆಗಳನ್ನು ಹಾರದ ರತ್ನಗಳಲ್ಲಿ ಮೂಡಿದ ಮುಖದ ಪ್ರತಿಬಿಂಬಗಳೆಂದು ವಿವರಿಸುತ್ತದೆ. ಅವನ ಬಹುರೂಪಿಣೀ ವಿದ್ಯೆ ಹುಟ್ಟಿನಿಂದ ಬಂದದ್ದಲ್ಲ, ಸಾಧನೆಯಿಂದ ದೊರೆತದ್ದು. ಆ ವಿದ್ಯೆ ಸಿದ್ಧಿಸಿದ ಮೇಲೂ ಸೀತೆಯ ಮನಸ್ಸು ಅವನ ವಶವಾಗುವುದಿಲ್ಲ. ಅವಳ ಸ್ಥಿತಿಯನ್ನು ಕಂಡು ಅವನೇ ಪಶ್ಚಾತ್ತಾಪಪಡುತ್ತಾನೆ. ಅತಿಮಾನವ ಶಕ್ತಿಯ ಎಲ್ಲೆಯನ್ನು ಪ್ರಣಯವೇ ಗುರುತಿಸುವ ಪ್ರಸಂಗವಿದು. ವೀರಪ್ರಣಯ ಕಥೆಯಲ್ಲಿ ಪ್ರಣಯ ಕೇವಲ ಅಲಂಕಾರವಲ್ಲ, ಶಕ್ತಿಯ ಪರೀಕ್ಷೆ ಎಂಬ ನಮ್ಮ ನಿಲುವಿಗೆ ಇದು ಆಧಾರ.

‘ಚಂದಮಾಮ’ದ ಕಥೆಗಳೆಲ್ಲ ಈ ಮಟ್ಟದವೆಂದು ನಾವು ಹೇಳುವುದಿಲ್ಲ. ಎಷ್ಟೋ ಕಥೆಗಳಲ್ಲಿ ರಾಜಕುಮಾರಿ ಬಹುಮಾನವಾಗಿಯೇ ಉಳಿಯುತ್ತಾಳೆ. ಸೋಮಪ್ರಭೆಯನ್ನು ಕೂಡ ಕೊನೆಯಲ್ಲಿ ಯಾರೂ ಕೇಳುವುದಿಲ್ಲ. ಆದರೆ ಕನ್ನಡನಾಡಿನ ಹೊರಗೆ ಸಿದ್ಧವಾಗಿ ಒಳಗೆ ಓದಲ್ಪಟ್ಟ ಈ ಕಥಾರಾಶಿಗೆ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ದೊರೆತ ಸ್ಥಾನ ಅತ್ಯಲ್ಪ. ತೆಲುಗು ಮೂಲವನ್ನು ತಿಂಗಳು ತಪ್ಪದೆ ತಿಳಿಗನ್ನಡಕ್ಕೆ ತಂದವರ ಶ್ರಮ ಇನ್ನೂ ಅಧ್ಯಯನಕ್ಕೆ ಒಳಗಾಗಬೇಕಾಗಿದೆ. 1996ರಲ್ಲಿ ಮದರಾಸು ಚೆನ್ನೈ ಆಯಿತು. 2010ರ ದಶಕದಲ್ಲಿ ಪತ್ರಿಕೆಯೂ ನಿಂತಿತು. ಹಳೆಯ ಸಂಚಿಕೆಗಳು ಮನೆಮನೆಯ ಅಟ್ಟಗಳಲ್ಲಿ ಶಿಥಿಲವಾಗುತ್ತಿವೆ. ಅವನ್ನು ಸಂಗ್ರಹಿಸಿ, ತೆಲುಗು, ತಮಿಳು ಪಾಠಗಳೊಡನೆ ಹೋಲಿಸಿ ಸೂಚಿಯೊಂದನ್ನು ಸಿದ್ಧಪಡಿಸುವುದು, ಈ ಮೂರು ಭಾಷೆಗಳ ವಿದ್ವಾಂಸರು ಒಂದೆಡೆ ಸೇರುವ ಹೊರನಾಡಿನ ಸಂಶೋಧನ ಕೇಂದ್ರಗಳಲ್ಲಿ ಹೆಚ್ಚು ಸುಲಭ. ಈ ಕೆಲಸವನ್ನು ಕೈಗೊಳ್ಳುವವರು ಮಕ್ಕಳ ಪತ್ರಿಕೆಯೆಂಬ ಸಂಕೋಚವನ್ನು ಮೊದಲು ಬಿಡಬೇಕು.