ಅವ್ವನ ಕೌದಿಯೊಳಗಿನ ಪದರಗಳು

ಕಳೆದ ವಾರ ಬಿತ್ತನೆ ಆಲೂಗೆಡ್ಡೆ ಹರಡೋಕೆ ಗೋಣಿಚೀಲ ಬೇಕಿತ್ತು ಅಂತ ಅಟ್ಟ ಹತ್ತಿದ್ದೆ. ಜಲಂಧರ್ ಗೆಡ್ಡೆ ಬಂದಿದ್ದ ಹಳೇ ಚೀಲಗಳ ಅಡಿಯಲ್ಲಿ ಭಾರವಾದ ಒಂದು ಗಂಟು ಸಿಕ್ತು. ಬಿಚ್ಚಿದರೆ ಅವ್ವ ಹೊಲಿದಿದ್ದ ಕೌದಿ. ಒಂದು ಮೂಲೆಯನ್ನು ಇಲಿ ಅಂಗೈ ಅಗಲ ಕಡಿದಿತ್ತು. ಹಾಗೆ ಕಡಿದಿದ್ದರಿಂದಲೇ ಒಳಗಿನ ಪದರಗಳೆಲ್ಲ ಕಣ್ಣಿಗೆ ಬಿದ್ವು. ಬೋರ್ ಹೊಡೆಸುವಾಗ ಮೇಲ್ಮಣ್ಣು, ಕೆಂಪು ಮಣ್ಣು, ಸುಣ್ಣಕಲ್ಲು ಅಂತ ಒಂದೊಂದಾಗಿ ಬರುತ್ತಲ್ಲ, ಹಂಗೆ. ಇವತ್ತಿನ ಟಿಪ್ಪಣಿ ಅದರ ಬಗ್ಗೆ. ಬೆಳೆ ವಿಷಯ ಅಲ್ಲ ಅಂತ ಬೇಜಾರಾಗಬೇಡಿ, ಇದೂ ನಮ್ಮ ರೈತರ ಮನೆಯ ಲೆಕ್ಕವೇ.

ಇದಕ್ಕೆ ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರು. ಧಾರವಾಡ, ಬಿಜಾಪುರದ ಕಡೆ ಕೌದಿ ಅಂದರೆ ಎಲ್ಲರಿಗೂ ಗೊತ್ತು. ಹಳಗಾಲದ ಮಾತು ಬೊಂತೆ. 12ನೇ ಶತಮಾನದ ಶರಣೆ ಬೊಂತಾದೇವಿಗೆ ಆ ಹೆಸರು ಬಂದದ್ದೇ ಬೊಂತೆಯಿಂದ. ಕಾಶ್ಮೀರದ ಅರಸುಮಗಳು ಎಲ್ಲ ಬಿಟ್ಟು ಕಲ್ಯಾಣಕ್ಕೆ ಹೊರಟಾಗ ಶಿವನು ಮೈಮುಚ್ಚಲು ಬೊಂತೆ ಕೊಟ್ಟ ಅಂತ ಕತೆ. ನಮ್ಮ ಮನೇಲಿ ಮಾತ್ರ ಅಜ್ಜಿ ಅದನ್ನ ‘ಹೊಲಿದ ದುಪ್ಟಿ’ ಅಂತಿದ್ಲು, ಅಷ್ಟೇ.

ಅಳತೆ, ನಕ್ಷೆ ಯಾವುದೂ ಇಲ್ಲ. ರಾಗಿ ಕೊಯ್ಲು, ಒಕ್ಕಣೆ ಮುಗಿದು ಕೈ ಬಿಡುವಾದ ಮೇಲೆ ಪಡಸಾಲೆಯಲ್ಲಿ ಹಳೇ ಸೀರೆ ಹಾಸಿ, ನಾಲ್ಕು ಮೂಲೆಗೆ ಕಲ್ಲೋ ಸೇರೋ ಇಡೋರು. ಅದರ ಮೇಲೆ ಹರಿದ ಪಂಚೆ, ಲಂಗ, ಅಂಗಿ. ತುಂಡುಗಳನ್ನ ಕತ್ತರಿಸಿ ಚೌಕ ಮಾಡ್ತಿರಲಿಲ್ಲ. ಅಂಗಿಯ ಬೆನ್ನು ಅಗಲ ಇದ್ದರೆ ಅಗಲದ ತುಂಡು, ತೋಳು ಓರೆ ಇದ್ದರೆ ಓರೆ ತುಂಡು. ಸಂದು ಉಳಿದರೆ ರವಿಕೆ ಚೂರು. ಯಾವ ಎರಡು ತುಂಡೂ ಒಂದೇ ಅಳತೆ ಇರೋದಿಲ್ಲ. ಆಮೇಲೆ ದಪ್ಪ ಸೂಜಿಯಲ್ಲಿ ಅಂಚಿನಿಂದ ಶುರು ಮಾಡಿ ಸುತ್ತು ಹಾಕ್ಕೊಂಡು ನಡುಮಧ್ಯಕ್ಕೆ ಬರೋದು, ಹೊಲವನ್ನ ಬದುವಿನ ಕಡೆಯಿಂದ ಸುತ್ತು ಉಳ್ಕೊಂಡು ಬಂದಂಗೆ. ಆ ಸಾಲುಹೊಲಿಗೆಯೇ ತುಂಡನ್ನೂ ಹಿಡಿಯುತ್ತೆ, ಒಳಗಿನ ಪದರಗಳನ್ನೂ ಹಿಡಿಯುತ್ತೆ. ಸವೆದರೆ ಬಿಸಾಕೋದಿಲ್ಲ, ಅದರ ಮೇಲೆ ಹೊಸ ಹೊದಿಕೆ ಹೊಲಿದು ಹಳೇದನ್ನ ಒಳಕ್ಕೆ ಹಾಕೋದು. ಅದಕ್ಕೇ ನಮ್ಮ ಕೌದಿಯಲ್ಲಿ ಎಲ್ಲಕ್ಕಿಂತ ಹಳೇದು ಹೊಟ್ಟೆಯೊಳಗೆ ಇರೋದು.

ನಮ್ಮ ಕೌದಿಯ ಹೊಟ್ಟೆಯಲ್ಲಿ ಇದ್ದದ್ದು ಅಜ್ಜಿಯ ಸೀರೆ. ಬಣ್ಣ ಹೋಗಿ ಬೂದಿಯಂತಾಗಿದೆ, ಆದರೆ ಕೈಯಲ್ಲಿ ಹಿಡಿದರೆ ಮಗುವಿನ ಕೆನ್ನೆಯಂಗೆ ಮೆತ್ತಗೆ. ಅವ್ವನಿಗೆ ತೋರಿಸಿದ್ದಕ್ಕೆ “ಅದು ಕಂಟ್ರೋಲ್ ಕಾಲದ್ದು ಕಣಪ್ಪ, ನಮ್ಮತ್ತೆ ಹೇಳೋರು” ಅಂದ್ಲು. ಕಂಟ್ರೋಲ್ ಕಾಲ ಅಂದರೆ ಎರಡನೇ ಮಹಾಯುದ್ಧದ ಕಾಲ. ಗಿರಣಿಗಳ ಬಟ್ಟೆ ಸೈನ್ಯದ ಕಡೆ ಹೋಗ್ತಿತ್ತು. ಬೆಂಗಳೂರಲ್ಲೇ 1884ರಿಂದ ಬಿನ್ನಿ ಗಿರಣಿ ಇತ್ತು. ಗಿರಣಿ ಇದ್ದರೂ ಹಳ್ಳಿಯವರ ಕೈಗೆ ಬಟ್ಟೆ ಸಿಗ್ತಿರಲಿಲ್ಲ, ಸಿಕ್ಕರೂ ರೇಟು ಏರಿತ್ತು. 1943ರಲ್ಲಿ ಬ್ರಿಟಿಷ್ ಸರ್ಕಾರ ಹತ್ತಿ ಬಟ್ಟೆ ಮತ್ತು ನೂಲಿನ ಮೇಲೆ ಕಂಟ್ರೋಲ್ ಆರ್ಡರ್ ತಂತು. ಆಗ ಒಂದು ಸೀರೆ ಅಂದರೆ ವರ್ಷಕ್ಕೆ ಒಂದು ಮಳೆ ಇದ್ದಂಗೆ. ಹರಿದರೂ ಅದರ ಕೆಲಸ ಮುಗೀತಿರಲಿಲ್ಲ. ಮಡಿಲು ಸವೆದರೆ ತೊಟ್ಟಿಲ ಬಟ್ಟೆ, ತೊಟ್ಟಿಲು ಬಿಟ್ಟರೆ ಕೌದಿಯ ಪದರ, ಅದೂ ಆದ ಮೇಲೆ ಪಾತ್ರೆ ಇಳಿಸೋ ಮಸಿಬಟ್ಟೆ.

ಅದರ ಮೇಲಿನ ಪದರ ಜನತಾ ಸೀರೆ. ವಯಸ್ಸಾದವರಿಗೆ ನೆನಪಿರಬೇಕು. 1976ರಲ್ಲಿ ಕೇಂದ್ರ ಸರ್ಕಾರ ಜನತಾ ಬಟ್ಟೆ ಯೋಜನೆ ತಂದಿತ್ತು. ಕೈಮಗ್ಗದವರಿಗೆ ಕೆಲಸ ಸಿಗಲಿ, ಬಡವರಿಗೆ ಕಮ್ಮಿ ರೇಟಿಗೆ ಪಂಚೆ ಸೀರೆ ಸಿಗಲಿ ಅಂತ. ಒರಟು ಬಟ್ಟೆ, ಆದರೆ ಅಪ್ಪಟ ಹತ್ತಿ. ಅದೇ ಕಾಲಕ್ಕೆ ಗೊರೂರಲ್ಲಿ ಹೇಮಾವತಿ ಅಣೆಕಟ್ಟಿನ ಕೆಲಸ ನಡೀತಿತ್ತು, 1979ಕ್ಕೆ ಅದು ಮುಗೀತು. ನಾಲೆ ಅಗೆಯೋಕೆ ನಮ್ಮಪ್ಪ ಕೂಲಿಗೆ ಹೋಗ್ತಿದ್ದರು. ಆ ದುಡ್ಡಲ್ಲಿ ಒಂದು ಖಾಕಿ ಚೆಡ್ಡಿ ತಗೊಂಡಿದ್ದರು. ಅದನ್ನ ಆಮೇಲೆ ಹೇಳ್ತೀನಿ.

ಎಲ್ಲಕ್ಕಿಂತ ಮೇಲೆ ಇರೋದು ಹೊಳೆಯೋ ಪಾಲಿಯೆಸ್ಟರ್ ತುಂಡುಗಳು, ಅಕ್ಕನ ಲಂಗದ್ದು, ನನ್ನ ಸ್ಕೂಲ್ ಅಂಗಿದ್ದು. 1985ರ ಜವಳಿ ನೀತಿ ಬಂದ ಮೇಲೆ ಸಿಂಥೆಟಿಕ್ ಬಟ್ಟೆಗೆ ದಾರಿ ಸಲೀಸಾಯ್ತು. ಸಂತೆಯಲ್ಲಿ ಅಗ್ಗಕ್ಕೆ ಸಿಗೋಕೆ ಶುರುವಾಯ್ತು, ಒಗೆದರೆ ಬೇಗ ಒಣಗುತ್ತೆ, ಬಣ್ಣ ಹೋಗೋದಿಲ್ಲ, ಹರಿಯೋದೂ ಇಲ್ಲ. ಆದರೆ ಕೌದಿಗೆ ಅದು ಆಗೋದಿಲ್ಲ. ಬೆವರು ಹೀರೋದಿಲ್ಲ, ಒಳಗೆ ಕಾವು. ತುಂಡು ಜಾರಿ ಜಾರಿ ಹೋಗುತ್ತೆ, ಅಂಚು ಎಳೆ ಎಳೆ ಬಿಚ್ಚುತ್ತೆ. ಅವ್ವನ ಕಡೇ ಕೌದಿ ಇದು. ಆಮೇಲೆ ಮನೆ ಬಾಗಿಲಿಗೆ ಕಂತಿನ ಮೇಲೆ ರಗ್ಗು ಮಾರೋರು ಬಂದರು, ಸೋಲಾಪುರದ ಚಾದರ ಬಂತು. ಸೂಜಿ ನಿಂತೇ ಹೋಯ್ತು. ನಾವು ಕೌದಿ ಬಿಟ್ಟದ್ದು ಸೋಮಾರಿತನಕ್ಕೆ ಅಂತ ಅಂದ್ಕೊಂಡಿದ್ದೆ. ನೋಡಿದರೆ ಬಟ್ಟೆಯೇ ಬದಲಾಗಿತ್ತು. ನಾಟಿ ರಾಗಿ ಹೋಗಿ ಬೇರೆ ತಳಿ ಬಂದಾಗ ಅದರ ಹುಲ್ಲು, ಅದರ ಹಿಟ್ಟು, ಅದರ ಮುದ್ದೆ ಎಲ್ಲ ಬದಲಾದಂಗೆ ಇದೂನೂ.

ಇನ್ನೂ ಬಿಡದೆ ಹೊಲಿಯೋರು ನಮ್ಮ ರಾಜ್ಯದಲ್ಲೇ ಇದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು, ಅವರ ಮಕ್ಕಳು ಮೊಮ್ಮಕ್ಕಳು ಇವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅವರು ಕವಂದಿ ಅಂತಾರೆ. ಹೊಲಿಗೆ ಅವ್ವನದೇ ತರ, ಅಂಚಿಂದ ಒಳಕ್ಕೆ ಸುತ್ತು. ನಾಲ್ಕು ಮೂಲೆಗೆ ಮಡಿಸಿದ ಮುಕ್ಕೋನದ ತುಂಡು ಹಾಕ್ತಾರೆ, ಅದಕ್ಕೆ ಫೂಲ, ಅಂದರೆ ಹೂವು ಅಂತ ಹೆಸರು. ಅದಿಲ್ಲದಿದ್ದರೆ ಕವಂದಿ ಬರಿಮೈಯಲ್ಲಿದ್ದಂಗೆ ಅಂತಾರಂತೆ. ಅಮೆರಿಕದ ಪ್ರೊಫೆಸರ್ ಹೆನ್ರಿ ಡ್ರೂವಲ್ ಇದನ್ನ ಅಧ್ಯಯನ ಮಾಡಿದರು. 2004ರಲ್ಲಿ ಹೆಂಗಸರು ಸೇರಿ ಕವಂದಿ ಮಾರೋಕೆ ಒಂದು ಸಹಕಾರಿ ಕೂಡ ಆಯ್ತು.

ಇನ್ನೊಂದು ಊರು ಇನ್ನೂ ದೂರ. ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್. ಮೂರು ಕಡೆ ಹೊಳೆ ಸುತ್ತಿದ, ಹತ್ತಿ ಬೆಳೆಯೋ ಕಪ್ಪು ಜನರ ಹಳ್ಳಿ. ಜಮೀನು ಬೇರೆಯವರದು, ಇವರು ಗೇಣಿ ಮಾಡೋರು. ಸಾಲ ಕೊಟ್ಟಿದ್ದ ವ್ಯಾಪಾರಿ ಸತ್ತ ಮೇಲೆ 1932ರಲ್ಲಿ ಅವನ ಮನೆಯವರು ಸಾಲಕ್ಕೆ ಅಂತ ಇವರ ದನ, ಉಪಕರಣ, ಕೂಡಿಟ್ಟ ಜೋಳ ಎಲ್ಲ ಎತ್ಕೊಂಡು ಹೋದರು. ಆ ಹಳ್ಳಿಯ ಹೆಂಗಸರು ಹೊಲದ ಕೆಲಸದ ಬಟ್ಟೆ ಹರಿದು, ಅಳತೆ ಇಲ್ಲದೆ ಮನಸ್ಸಿಗೆ ಬಂದಂಗೆ ಕೌದಿ ಹೊಲಿದರು. ಮಿಸೌರಿ ಪೆಟ್ವೇ ಅನ್ನೋ ಹೆಂಗಸು 1942ರಲ್ಲಿ ಗಂಡ ತೀರಿಕೊಂಡ ಮೇಲೆ ಆತ ಹೊಲಕ್ಕೆ ಹಾಕ್ಕೊಳ್ತಿದ್ದ ಬಟ್ಟೆಯಿಂದ ಒಂದು ಕೌದಿ ಮಾಡಿದಳು, ಅದನ್ನೇ ಹೊದ್ದು ಮಲಗೋಕೆ. ಮಂಡಿ ಸವೆದ ಗುರುತು ಕೂಡ ಅದರಲ್ಲಿ ಕಾಣುತ್ತೆ. 2002ರಲ್ಲಿ ಆ ಊರಿನ ಕೌದಿಗಳನ್ನ ಹ್ಯೂಸ್ಟನ್ ಮ್ಯೂಸಿಯಮ್ಮಿನ ಗೋಡೆಗೆ ತೂಗುಹಾಕಿದರು, 2006ರಲ್ಲಿ ಅಂಚೆಚೀಟಿ ಮೇಲೂ ಬಂದ್ವು.

ಇದನ್ನ ಓದಿದಾಗ ನನ್ನ ಹೊಟ್ಟೆಯಲ್ಲಿ ಏನೋ ಆಯ್ತು. ಯಾಕೆ ಅಂದರೆ ನಮ್ಮ ಮನೇಲಿ ಇನ್ನೊಂದು ಕೌದಿ ಇತ್ತು. ಅಪ್ಪ ತೀರಿಕೊಂಡ ಎರಡನೇ ವರ್ಷ ಮಳೆಗೆ ಮೋಟಾರು ನೆನೆಯುತ್ತೆ ಅಂತ ನಾನೇ ಅದನ್ನ ಒಯ್ದು ಪಂಪ್‌ಸೆಟ್ ಮೇಲೆ ಹೊದಿಸಿದ್ದೆ. ಒಂದು ಮಳೆಗಾಲ ಅಲ್ಲೇ ಕೊಳೀತು. ಆಮೇಲೆ ತಿಪ್ಪೆಗೆ ಎಸೆದೆ. ಅವ್ವ ಆವತ್ತು ಬೈಲಿಲ್ಲ. ರಾತ್ರಿ ಊಟಕ್ಕೆ ಕೂತಾಗ “ಅದ್ರಲ್ಲಿ ನಿಮ್ಮಪ್ಪನ ಖಾಕಿ ಚೆಡ್ಡಿ ಇತ್ತು ಕಣ್ಲಾ” ಅಂದಳು, ಅಷ್ಟೇ. ಇಷ್ಟು ವರ್ಷ ಆ ಮಾತು ನನ್ನ ಬಿಟ್ಟಿಲ್ಲ.

ಮೊನ್ನೆ ಈ ಕೌದಿಯನ್ನ ಜಗಲಿ ಮೇಲೆ ಹರವಿದಾಗ ಅವ್ವ ಬಂದು ಕೂತಳು. ಕಣ್ಣು ಮಂಜು, ಆಪರೇಷನ್ ಆಗಿರೋದು ಒಂದೇ ಕಣ್ಣಿಗೆ. ಕೈಯಾಡಿಸ್ತಾ ಹೋದಳು. ಮುಟ್ಟಿದರೇ ಯಾವುದು ಯಾರದು ಅಂತ ಹೇಳ್ತಿದ್ದಳು. ಒಂದು ಕಡೆ ಕೈ ನಿಲ್ತು. ಒರಟು ತುಂಡು, ಬಣ್ಣ ಹೋದ ಖಾಕಿ. “ಒಂದು ಕಾಲು ಅದ್ರಲ್ಲಿ ಹಾಕಿದ್ದೆ, ಇನ್ನೊಂದು ಕಾಲು ಇದ್ರಲ್ಲಿ” ಅಂದಳು.

ಇಲಿ ಕಡಿದ ಮೂಲೆಗೆ ತೇಪೆ ಹಾಕೋಣ ಅಂತ ಮಗಳು ಬಟ್ಟೆ ಹುಡುಕಿದಳು. ನನ್ನ ಅಂಗಿ, ಪ್ಯಾಂಟು, ಮನೆಯವರ ಸೀರೆ ಒಂದೊಂದೇ ತಂದು ಕೊಟ್ಟಳು. ಅವ್ವ ಬೆರಳಲ್ಲಿ ಉಜ್ಜಿ “ಇದಾಗಕಿಲ್ಲ, ಬುಡು” ಅಂತ ಪಕ್ಕಕ್ಕಿಡ್ತಾ ಬಂದಳು. ಇಡೀ ಮನೇಲಿ ಅಪ್ಪಟ ಹತ್ತಿ ಅಂತ ಸಿಕ್ಕಿದ್ದು ನನ್ನ ಹೆಗಲ ಮೇಲಿನ ಟವೆಲ್ ಒಂದೇ. ಅದನ್ನೇ ಹರಿದು ಕೊಟ್ಟೆ. ಅವ್ವ ಹೇಳಿಕೊಟ್ಟಳು, ಮಗಳು ಹೊಲಿದಳು. ಹೊಲಿಗೆ ಸೊಟ್ಟ ಆಗಿದೆ. ಅವ್ವ ಬಿಚ್ಚಿಸಲಿಲ್ಲ.

ನಮ್ಮ ಕಡೆ ಈಗ ಹಳೇ ಹಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟೋರು ಜಾಸ್ತಿ. ಕೆಡವೋ ಮುಂಚೆ ಅಟ್ಟ ಒಂದು ಸಲ ನೋಡಿ. ಕೌದಿ ಸಿಕ್ಕರೆ ಟ್ರ್ಯಾಕ್ಟರ್ ಸೀಟಿಗೆ, ಮೋಟಾರಿಗೆ, ಕರುವಿಗೆ ಅಂತ ಒಯ್ಯೋ ಮುಂಚೆ ಮನೇಲಿ ಹಿರೀರು ಇದ್ದರೆ ಅವರ ಮುಂದೆ ಹರವಿ, ಯಾವ ತುಂಡು ಯಾರದು ಅಂತ ಕೇಳಿ ಬರೆದಿಟ್ಕೊಳ್ಳಿ. ನಮ್ಮದನ್ನ ಬರೆದಿಟ್ಟಿದೀನಿ, ಇಪ್ಪತ್ತಮೂರು ತುಂಡಿಗೆ ಹೆಸರು ಸಿಕ್ತು. ಇನ್ನು ಕೆಲವನ್ನ ಅವ್ವನೂ ಮರೆತಿದಾಳೆ.

ಗೆಡ್ಡೆ ಮಂಗಳವಾರ ನೆಟ್ವಿ. ಒಂದು ಹದ ಮಳೆ ಬೇಕು.