ರಜೆ ಮೀರಿದ ಪೊಲೀಸ್ ಸಿಬ್ಬಂದಿ ಮತ್ತು ಇಲಾಖಾ ವಿಚಾರಣೆ: ಕಾರಣದ ಪ್ರಶ್ನೆ

ಮನೆಯ ಕಾರಣಕ್ಕೆ ರಜೆ ಹಾಕಿ ಹೋದ ಪೊಲೀಸ್ ಸಿಬ್ಬಂದಿ ಗೊತ್ತಾದ ದಿನ ಕರ್ತವ್ಯಕ್ಕೆ ವರದಿ ಮಾಡಿಕೊಳ್ಳದಿದ್ದರೆ ಶಿಸ್ತು ಕ್ರಮಕ್ಕೆ ಗುರಿಯಾಗುತ್ತಾರೆ. ಇದರಲ್ಲಿ ತಕರಾರಿಲ್ಲ. ಆದರೆ ಅವರು ಏಕೆ ಬರಲಿಲ್ಲ ಎಂದು ಕೇಳಿ, ಕೊಟ್ಟ ಉತ್ತರವನ್ನು ತೂಗಿ ನೋಡಿದ ಮೇಲೆಯೇ ಶಿಕ್ಷೆ ವಿಧಿಸಬೇಕಾದ ಹೊಣೆ ಇಲಾಖೆಗಿದೆ. ಈ ಹೊಣೆ ಇತ್ತೀಚಿನ ಉದಾರ ತೀರ್ಪುಗಳ ಕೊಡುಗೆಯಲ್ಲ, ವಸಾಹತು ಕಾಲದ ಕಾನೂನಿನಲ್ಲೇ ಇತ್ತು ಎಂಬುದು ಈ ಲೇಖನದ ವಾದ.

1857ರ ದಂಗೆಯ ಬೆನ್ನಲ್ಲೇ ಬಂದ 1861ರ ಪೊಲೀಸ್ ಕಾಯ್ದೆಯ ಮುಖ್ಯ ಕಾಳಜಿ ಸಿಬ್ಬಂದಿಯ ಹಕ್ಕಲ್ಲ, ಪಡೆಯ ಮೇಲಿನ ಹಿಡಿತ. ಅದರ 29ನೇ ಕಲಮು ಕರ್ತವ್ಯಲೋಪಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಮೂರು ತಿಂಗಳ ಸಂಬಳದವರೆಗಿನ ದಂಡ, ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ರಜೆ ಮುಗಿದರೂ ಹಾಜರಾಗದಿರುವುದನ್ನು 1895ರ ತಿದ್ದುಪಡಿ ಈ ಪಟ್ಟಿಗೆ ಸೇರಿಸಿತು. ಹಾಗೆ ಸೇರಿಸುವಾಗಲೂ ಸಕಾರಣವಿಲ್ಲದೆ ಹಾಜರಾಗದಿದ್ದರೆ ಮಾತ್ರ ಅಪರಾಧ ಎಂದಿತು. 1949ರ ಕೇಂದ್ರ ಮೀಸಲು ಪೊಲೀಸ್ ಪಡೆ ಕಾಯ್ದೆಯ 10ನೇ ಕಲಮಿನಲ್ಲೂ ಸಾಕಷ್ಟು ಕಾರಣವಿಲ್ಲದೆ ರಜೆ ಮೀರುವುದೇ ಅಪರಾಧ, ಅದೂ ಕಡಿಮೆ ಗಂಭೀರ ಅಪರಾಧಗಳ ಸಾಲಿನಲ್ಲಿ. ಕೇಂದ್ರ ನಾಗರಿಕ ಸೇವೆಗಳ 1972ರ ರಜೆ ನಿಯಮಗಳು ರಜೆ ಮೀರಿದ ದಿನಗಳಿಗೆ ರಜಾ ವೇತನವಿಲ್ಲ ಎನ್ನುತ್ತವೆಯಾದರೂ ಶಿಸ್ತು ಕ್ರಮದ ಮಾತು ಬಂದಾಗ ಗೈರುಹಾಜರಿ ಉದ್ದೇಶಪೂರ್ವಕವಾಗಿರಬೇಕು ಎನ್ನುತ್ತವೆ. ಅಂದರೆ ಸಂಬಳ ಕಡಿತಕ್ಕೆ ದಿನಾಂಕ ಸಾಕು, ಶಿಕ್ಷೆಗೆ ಸಾಲದು.

ವಿಚಾರಣೆಯ ಕಡತಗಳಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಆರೋಪ ಪಟ್ಟಿಯ ವಾಕ್ಯ ಸಾಮಾನ್ಯವಾಗಿ ಒಂದೇ ಧಾಟಿಯದು: ಇಂಥ ದಿನದಿಂದ ಇಂಥ ದಿನದವರೆಗೆ ಅನಧಿಕೃತವಾಗಿ ಗೈರುಹಾಜರಾಗಿ ಕರ್ತವ್ಯದಲ್ಲಿ ಬೇಜವಾಬ್ದಾರಿತನ ತೋರಿಸಿರುತ್ತೀರಿ. ಠಾಣಾ ದಿನಚರಿಯ ನಮೂದು ಸಾಕ್ಷಿಯಾಗುತ್ತದೆ, ಅದನ್ನು ಬರೆದವರು ಬಂದು ಹೌದೆನ್ನುತ್ತಾರೆ, ಆರೋಪ ಸಾಬೀತಾಗುತ್ತದೆ. ತಾಯಿಯ ಶಸ್ತ್ರಚಿಕಿತ್ಸೆಯ ದಾಖಲೆಯೋ ಹೆಂಡತಿಯ ಹೆರಿಗೆಯ ಚೀಟಿಯೋ ಕಡತದಲ್ಲಿದ್ದರೂ ವಿಚಾರಣಾಧಿಕಾರಿ ಅದನ್ನು ಶಿಕ್ಷೆಯ ಪ್ರಮಾಣಕ್ಕಷ್ಟೇ ಸಂಬಂಧಿಸಿದ್ದೆಂದು ಬದಿಗಿಟ್ಟರೆ, ಆರೋಪದ ಅರ್ಧಭಾಗ ವಿಚಾರಣೆಯಾಗದೆಯೇ ಉಳಿಯುತ್ತದೆ.

ಸುಪ್ರೀಂ ಕೋರ್ಟ್ 2012ರ ಫೆಬ್ರವರಿ 15ರಂದು ಕೊಟ್ಟ ತೀರ್ಪು ಕೈಯಿಟ್ಟದ್ದು ಈ ಕಡೆಗಣನೆಯ ಮೇಲೆಯೇ. ಕೇಂದ್ರ ಗುಪ್ತಚರ ದಳದ ಭದ್ರತಾ ಸಹಾಯಕರೊಬ್ಬರನ್ನು ಅನಧಿಕೃತ ಗೈರುಹಾಜರಿಗಾಗಿ ವಜಾ ಮಾಡಲಾಗಿತ್ತು. ಕಾಯಿಲೆ, ಅಪಘಾತ, ಆಸ್ಪತ್ರೆವಾಸದಂಥ ಕೈಮೀರಿದ ಸ್ಥಿತಿಯಲ್ಲಿ ಬರಲಾಗದವರನ್ನು ಕರ್ತವ್ಯನಿಷ್ಠೆ ಇಲ್ಲದವರೆಂದು ಹೇಳಲಾಗದು, ಗೈರುಹಾಜರಿ ಉದ್ದೇಶಪೂರ್ವಕವೆಂದು ಶಿಸ್ತು ಪ್ರಾಧಿಕಾರವೇ ರುಜುವಾತುಪಡಿಸಬೇಕು ಎಂದ ಪೀಠ ವಜಾ ಆದೇಶವನ್ನು ರದ್ದುಪಡಿಸಿ, ಅರ್ಧ ಹಿಂಬಾಕಿ ವೇತನ ಕೊಡಿಸಿತು. ರುಜುವಾತಿನ ಭಾರ ಯಾರ ಮೇಲೆ ಎಂಬ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರಿಸಿದ್ದೇ ಈ ತೀರ್ಪಿನ ಮಹತ್ವ.

ಇದನ್ನು ರಜೆ ಮೀರಿದವರಿಗೆಲ್ಲ ಸಿಕ್ಕ ರಕ್ಷಾಕವಚ ಎಂದು ಓದುವುದು ತಪ್ಪು. ಮೀಸಲು ಪಡೆಯ ಕಾನ್‌ಸ್ಟೇಬಲ್ ಒಬ್ಬರು 315 ದಿನ ರಜೆ ಮೀರಿದ ಪ್ರಕರಣದಲ್ಲಿ, 2005ರಲ್ಲಿ, ಇದೇ ನ್ಯಾಯಾಲಯ ಸೇವೆಯಿಂದ ತೆಗೆದದ್ದನ್ನು ಎತ್ತಿಹಿಡಿಯಿತು. ಬಂದೋಬಸ್ತಿಗೆ ಒಬ್ಬರು ಬಾರದಿದ್ದರೆ ಅವರ ಪಾಳಿಯೂ ಸೇರಿ ಎರಡು ಪಾಳಿಯ ಕೆಲಸ ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ. ಅವರಿಗೂ ಮನೆಯಿದೆ. ಇಲಾಖೆಯ ಈ ವಾದವನ್ನು ನಾನು ಹಗುರವಾಗಿ ಕಾಣಲಾರೆ.

ಇನ್ನೊಂದು ತೊಡಕು ಆದೇಶದ ಕೊನೆಯ ಸಾಲಿನಲ್ಲಿರುತ್ತದೆ. ವಜಾ ಆದೇಶದಲ್ಲೇ ಗೈರುಹಾಜರಿ ಅವಧಿಯನ್ನು ವೇತನರಹಿತ ರಜೆಯೆಂದು ಪರಿಗಣಿಸಿದೆ ಎಂದು ಬರೆಯುವ ರೂಢಿಯಿದೆ. ರಜೆಯೆಂದ ಮೇಲೆ ಆರೋಪವೆಲ್ಲಿ ಉಳಿಯಿತು? ಪಂಜಾಬಿನ ಕಾನ್‌ಸ್ಟೇಬಲ್ ಒಬ್ಬರ 1998ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ತರ್ಕವನ್ನು ಒಪ್ಪಿತ್ತು. 2003ರಲ್ಲಿ ಅದೇ ನ್ಯಾಯಾಲಯ ಹಳೆಯ ತೀರ್ಪೊಂದನ್ನು ಅನುಸರಿಸಿ, ಅಂಥ ಸಾಲು ಸೇವಾ ದಾಖಲೆಯನ್ನು ಸರಿಪಡಿಸಲಷ್ಟೇ, ತಪ್ಪನ್ನು ಮನ್ನಿಸಲಲ್ಲ ಎಂದಿತು. ಎರಡನೆಯ ನಿಲುವೇ ಸರಿಯೆನಿಸುತ್ತದೆ, ಏಕೆಂದರೆ ಗುಮಾಸ್ತರ ಲೆಕ್ಕದ ಸಾಲೊಂದರ ಮೇಲೆ ಒಬ್ಬರ ಕೆಲಸ ಉಳಿಯುವುದಾಗಲಿ ಹೋಗುವುದಾಗಲಿ ನ್ಯಾಯವಲ್ಲ.

ಹಿಂದಿನ ಗೈರುಹಾಜರಿಗಳನ್ನು ಲೆಕ್ಕಕ್ಕೆ ಹಿಡಿಯುವ ವಿಷಯದಲ್ಲಿ ದಾರಿ ತೋರಿದ್ದು ನಮ್ಮದೇ ಮೈಸೂರು ರಾಜ್ಯದ ಮೊಕದ್ದಮೆ. ಸೇವಾ ಪುಸ್ತಕದ ಹಳೆಯ ತಪ್ಪುಗಳನ್ನು ಆಧರಿಸಿ ಶಿಕ್ಷೆ ಹೆಚ್ಚಿಸುವುದಾದರೆ ಅದನ್ನು ಮೊದಲೇ ನೋಟಿಸಿನಲ್ಲಿ ತಿಳಿಸಿ ಉತ್ತರಕ್ಕೆ ಅವಕಾಶ ಕೊಡಬೇಕು ಎಂದು 1960ರ ದಶಕದ ಆರಂಭದಲ್ಲೇ ಸುಪ್ರೀಂ ಕೋರ್ಟ್ ಹೇಳಿತು.

ಇಷ್ಟಾದರೂ ರಜೆ ಕೊಡುವ ಅಧಿಕಾರಿಯ ನಡೆ ಯಾವ ವಿಚಾರಣೆಯ ಮುಂದೂ ಬರುವುದಿಲ್ಲ. ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ ಎಂದು ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳ 2019ರ ವರದಿ ದಾಖಲಿಸಿದೆ. ಕರ್ನಾಟಕದಲ್ಲಿ 2016ರ ಜೂನ್ 4ಕ್ಕೆ ಸಿಬ್ಬಂದಿ ಸಾಮೂಹಿಕ ರಜೆಗೆ ಕರೆಕೊಟ್ಟಾಗ ಎದ್ದ ದೂರುಗಳಲ್ಲಿ ರಜೆ ಸಿಗದಿರುವುದೂ ಒಂದು. ಹತ್ತು ದಿನ ಕೇಳಿದವರಿಗೆ ಮೂರು ದಿನ ಕೊಟ್ಟು, ವಿಸ್ತರಣೆಯ ಅರ್ಜಿಗೆ ಉತ್ತರವನ್ನೇ ಕೊಡದೆ, ಹನ್ನೊಂದನೆಯ ದಿನ ಬಂದವರ ಮೇಲೆ ಆರೋಪ ಹೊರಿಸಿದರೆ ಉದ್ದೇಶ ಯಾರದೆಂದು ಗೊತ್ತಾಗುವುದು ಠಾಣೆಯ ರಜಾ ವಹಿಯಿಂದ. ಆದ್ದರಿಂದ ಠಾಣಾ ದಿನಚರಿಯ ಜೊತೆ ಆ ವಹಿಯನ್ನೂ ವಿಸ್ತರಣೆಯ ಅರ್ಜಿಗಳನ್ನೂ ಇಲಾಖೆಯೇ ಹಾಜರುಪಡಿಸುವುದನ್ನು ಶಿಸ್ತು ನಿಯಮಗಳು ಕಡ್ಡಾಯಗೊಳಿಸಬೇಕು, ಅರ್ಜಿ ತಿರಸ್ಕರಿಸಿದ ಅಧಿಕಾರಿಯನ್ನು ಪಾಟೀಸವಾಲಿಗೆ ಒಳಪಡಿಸಲು ಆರೋಪಿತರಿಗೆ ಅವಕಾಶವಿರಬೇಕು.